ಯಾವ ವಿಷಯಕ್ಕೆ ಯಾವ ಸ್ಕ್ರ್ಯಾಪ್‌ಬುಕ್ ಆಲ್ಬಮ್? ತಗೊಳ್ಳೋ ಮುಂಚೆ ಇದನ್ನ ಓದಿ

ಸ್ಕ್ರ್ಯಾಪ್‌ಬುಕ್ ಮಾಡೋಣ ಅಂತ ಮನಸ್ಸು ಬಂದ ತಕ್ಷಣ ಹೆಚ್ಚಿನವರು ಮಾಡೋ ಮೊದಲ ಕೆಲಸ ಆಲ್ಬಮ್ ಆರ್ಡರ್ ಮಾಡೋದು, ಅದೂ ಕವರ್ ನೋಡಿ. ನನ್ನ ಪ್ರಕಾರ ಅದು ಕೊನೇಲಿ ಮಾಡ್ಬೇಕಾದ ಕೆಲಸ. ಕವರ್ ಎಷ್ಟೇ ಚೆಂದ ಇರಲಿ, ಸೈಜು ಬೈಂಡಿಂಗು ಹಾಳೆ ಇವು ಮೂರೂ ನಿಮ್ಮ ವಿಷಯಕ್ಕೆ ಹೊಂದಲಿಲ್ಲ ಅಂದ್ರೆ ಆಲ್ಬಮ್ ಅರ್ಧಕ್ಕೇ ನಿಂತುಹೋಗತ್ತೆ, ಹಾಗೆ ಅರ್ಧಕ್ಕೆ ನಿಂತವು ಎಷ್ಟು ಜನರ ಬೀರುವಿನಲ್ಲಿ ಮಲಗಿವೆಯೋ.

ಅದಕ್ಕೇ ಮೊದಲು ಆಲ್ಬಮ್ ಬಿಡಿ, ಸಾಮಾನು ನೋಡಿ. ನಿಮ್ಮ ಹತ್ರ ಇರೋದನ್ನೆಲ್ಲಾ ನೆಲದ ಮೇಲೆ ಹರಡಿಕೊಳ್ಳಿ, ಮೂರು ಗುಡ್ಡೆ ಮಾಡಿ. ಒಂದು ಗುಡ್ಡೆ ಫೋಟೋ. ಇನ್ನೊಂದು ಪೇಪರ್ ಸಾಮಾನು, ಅಂದ್ರೆ ಟಿಕೆಟ್ಟು, ಪತ್ರ, ಕಾರ್ಡು, ಸರ್ಟಿಫಿಕೇಟು, ಮ್ಯಾಪು. ಮೂರನೇದು ಉಬ್ಬೋ ಸಾಮಾನು: ಒಣಗಿದ ಹೂವು, ರಿಬ್ಬನ್ನು, ಮೆಡಲ್ಲು, ಮಗೂಗೆ ಆಸ್ಪತ್ರೇಲಿ ಕಟ್ಟಿದ ಕೈಪಟ್ಟಿ, ಇಂಥವು. ಫೋಟೋ ಫೋನಲ್ಲೇ ಇದ್ರೆ ನಿಜವಾಗ್ಲೂ ಪ್ರಿಂಟ್ ಹಾಕಿಸೋದು ಎಷ್ಟು ಅಂತ ಅವಾಗ್ಲೇ ಆರಿಸಿಬಿಡಿ, ಯಾಕಂದ್ರೆ ಒಂದೇ ಕೇಕ್ ಕಟಿಂಗಿನ 40 ಫೋಟೋ ಯಾರೂ ಅಂಟಿಸಲ್ಲ. ಎಷ್ಟು ಫೋಟೋ ಅಂತ ಎಣಿಸಿ ಒಂದು ಚೀಟೀಲಿ ಬರ್ಕೊಳ್ಳಿ, ಈ ನಂಬರು ಮುಂದೆ ಬೇಕಾಗತ್ತೆ.

ಈಗ ನಿಮ್ಮನ್ನ ನೀವೇ ಕೇಳ್ಕೊಬೇಕಾದ ಪ್ರಶ್ನೆ, ಇದು ಮುಗಿದ ಕಥೆನಾ ಅಥವಾ ಇನ್ನೂ ನಡೀತಿರೋ ಕಥೆನಾ? ಮದುವೆ ಮುಗಿದಿದೆ, ಒಂದು ಟ್ರಿಪ್ ಮುಗಿದಿದೆ, ರಿಟೈರ್‌ಮೆಂಟ್ ಪಾರ್ಟಿ ಮುಗಿದಿದೆ. ಆದ್ರೆ ಮಗು ಬೆಳೀತಾ ಇದೆ, ನಾಯಿಮರಿ ಬೆಳೀತಾ ಇದೆ, ತೋಟ ಪ್ರತಿ ವರ್ಷ ಬದಲಾಗತ್ತೆ, ಮನೆ ಕಟ್ಟೋ ಕೆಲಸ ಅಂತೂ ಯಾವಾಗ ಮುಗಿಯತ್ತೋ ಕಟ್ಟಿಸೋರಿಗೇ ಗೊತ್ತಿರಲ್ಲ. ಮುಗಿದ ಕಥೆಗೆ ಪುಟ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು, ನಡೀತಿರೋ ಕಥೆಗೆ ಆಗಲ್ಲ. ಬೈಂಡಿಂಗ್ ಯಾವುದು ಅನ್ನೋದು ಮುಕ್ಕಾಲು ಪಾಲು ಇದರ ಮೇಲೇ ತೀರ್ಮಾನ ಆಗತ್ತೆ, ಹಾಗಾಗಿ ಬೈಂಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ.

ಪೋಸ್ಟ್ ಬೌಂಡ್ ಅಂತ ಒಂದು ಬರತ್ತೆ. ಬೆನ್ನಿನ ಹತ್ರ ಕವರಿನ ಒಳಮಡಿಕೆ ಎತ್ತಿ ನೋಡಿದ್ರೆ ಎರಡೋ ಮೂರೋ ಲೋಹದ ಸ್ಕ್ರೂ ಕಾಣತ್ತೆ, ಅದರ ಕೆಳಗಿನ ಸಣ್ಣ ಕಂಬಗಳಿಗೆ ಹಾಳೆಗಳನ್ನ ಪೋಣಿಸಿರ್ತಾರೆ. ನೋಡೋಕೆ ಪಕ್ಕಾ ಪುಸ್ತಕದ ಹಾಗೆ, ಎಡಬಲ ಪುಟಗಳ ಮಧ್ಯೆ ಜಾಗ ಬಿಡದೆ ಕೂರತ್ತೆ, ಎರಡು ಪುಟ ಸೇರಿಸಿ ಒಂದೇ ದೊಡ್ಡ ಡಿಸೈನ್ ಮಾಡೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಪುಟ ಜಾಸ್ತಿ ಆದ್ರೆ ಎಕ್ಸ್‌ಟೆನ್ಷನ್ ಪೋಸ್ಟ್ ಅಂತ ಚಿಕ್ಕ ತುಂಡು ಸಿಗತ್ತೆ, ಅದನ್ನ ತಿರುಗಿಸಿ ಸೇರಿಸಿದ್ರೆ ಕಂಬ ಉದ್ದ ಆಗತ್ತೆ. ತೊಂದರೆ ಏನಪ್ಪಾ ಅಂದ್ರೆ ಮಧ್ಯದಲ್ಲಿ ಒಂದು ಹಾಳೆ ಸೇರಿಸ್ಬೇಕು ಅಂದ್ರೆ ಸ್ಕ್ರೂ ಬಿಚ್ಚಿ, ಕವರ್ ತೆಗೆದು, ಅಲ್ಲಿವರೆಗಿನ ಹಾಳೆಗಳನ್ನೆಲ್ಲಾ ಎತ್ತಿ ಪಕ್ಕಕ್ಕಿಟ್ಟು, ಹೊಸದನ್ನ ಹಾಕಿ, ಮತ್ತೆ ಎಲ್ಲಾ ಪೋಣಿಸ್ಬೇಕು, ಅಷ್ಟರಲ್ಲಿ ಹಾಳೆಗಳು ಜಾರಿ ತೂತುಗಳ ಸಾಲು ತಪ್ಪಿ, ಸ್ಕ್ರೂ ಸೋಫಾ ಕೆಳಗೆ ಉರುಳಿ ಹೋಗಿರತ್ತೆ. ಕ್ರಮವಾಗಿ ಒಂದರ ಹಿಂದೆ ಒಂದು ಪುಟ ಮಾಡ್ಕೊಂಡು ಹೋಗೋರಿಗೆ ಇದು ಪರವಾಗಿಲ್ಲ, ಮೂಡ್ ಬಂದ ಹಾಗೆ ಹಿಂದೆ ಮುಂದೆ ಮಾಡೋರಿಗೆ ತಲೆನೋವು.

ರಿಂಗ್ ಆಲ್ಬಮ್ ಇದಕ್ಕೆ ಉಲ್ಟಾ. ಆಫೀಸ್ ಫೈಲ್ ತರ ರಿಂಗ್ ತೆಗೆದು ಎಲ್ಲಿ ಬೇಕಾದ್ರೂ ಹಾಳೆ ಸೇರಿಸಬಹುದು, ತೆಗೀಬಹುದು, ಜಾಗ ಬದಲಾಯಿಸಬಹುದು. ನಡೀತಿರೋ ಕಥೆಗೆ ನಾನು ಕಣ್ಣುಮುಚ್ಚಿ ಹೇಳೋದು ಇದನ್ನೇ. ಆದ್ರೆ ದುಂಡು ರಿಂಗ್ ಬೇಡ, ಡಿ ಆಕಾರದ ರಿಂಗ್ ಇರೋದು ನೋಡಿ ತಗೊಳ್ಳಿ, ಡಿ ರಿಂಗಲ್ಲಿ ಹಾಳೆಗಳ ಅಂಚು ಒಂದರ ಮೇಲೊಂದು ನೆಟ್ಟಗೆ ಕೂರತ್ತೆ, ಅದೇ ದಪ್ಪದ ದುಂಡು ರಿಂಗಿಗಿಂತ ಜಾಸ್ತಿ ಹಾಳೆ ಹಿಡಿಯತ್ತೆ. ದುಂಡು ರಿಂಗಲ್ಲಿ ಹಾಳೆಗಳು ವಾಲಿಕೊಂಡು ಮೂಲೆ ಮಡಚಿಕೊಳ್ಳತ್ತೆ. ರಿಂಗಿನ ಒಂದೇ ಕೊರತೆ ಅಂದ್ರೆ ಎರಡು ಪುಟಗಳ ಮಧ್ಯೆ ಲೋಹ ಕಾಣತ್ತೆ, ಜಾಗ ಬಿಡತ್ತೆ. ಕೆಲವರಿಗೆ ಅದು ಕಣ್ಣಿಗೆ ಚುಚ್ಚತ್ತೆ, ನನಗಂತೂ ಎರಡು ಪುಟ ತಿರುಗಿಸಿದ ಮೇಲೆ ಅದು ಕಾಣೋದೇ ಇಲ್ಲ.

ಸ್ಟ್ರ್ಯಾಪ್ ಹಿಂಜ್ ಅಂತ ಇನ್ನೊಂದು ಇದೆ, ಪುಟದ ಅಂಚಿನಲ್ಲಿರೋ ಕೊಕ್ಕೆಗಳ ಒಳಗೆ ಪ್ಲಾಸ್ಟಿಕ್ ಪಟ್ಟಿ ಓಡಿರತ್ತೆ. ಚಪ್ಪಟೆಯಾಗಿ ತೆರೆದುಕೊಳ್ಳೋದ್ರಲ್ಲಿ ಇದು ತುಂಬಾ ಚೆನ್ನಾಗಿದೆ, ಆದ್ರೆ ಅದೇ ಕಂಪನಿ ಹಾಳೇನೇ ಬೇಕಾಗತ್ತೆ, ಆ ಕಂಪನಿ ಮಾಡೋದು ನಿಲ್ಲಿಸಿದ್ರೆ ಕಥೆ ಅಲ್ಲಿಗೆ ಮುಗೀತು. ಹೊಲಿದು ಬೈಂಡ್ ಮಾಡಿರೋ ಪುಸ್ತಕ, ವೈರ್ ಸ್ಪೈರಲ್ ಇರೋದು, ಇವೆರಡಕ್ಕೂ ಪುಟ ಸೇರಿಸೋಕೆ ಆಗಲ್ಲ ಅಂತ ಅಂದುಕೊಂಡೇ ತಗೊಳ್ಳಿ. ಸ್ಪೈರಲ್‌ಗೆ ಒಂದು ಅನುಕೂಲ ಇದೆ, ಪುಟಗಳು ಉಬ್ಬಿದ್ರೂ ಬೈಂಡಿಂಗ್ ಕಿತ್ತು ಬರಲ್ಲ, ಪೂರ್ತಿ ಹಿಂದಕ್ಕೆ ಮಡಚಿ ಕೈಯಲ್ಲಿ ಹಿಡ್ಕೊಂಡು ಬರೀಬಹುದು.

ಇನ್ನು ಸೈಜು. 12 ಇಂಚು ಬೈ 12 ಇಂಚು ಸ್ಕ್ರ್ಯಾಪ್‌ಬುಕ್ಕಿನ ಮಾಮೂಲಿ ಸೈಜು, ಪೇಪರ್ರು ಸ್ಟಿಕ್ಕರ್ರು ಡಿಸೈನು ಎಲ್ಲಾ ಜಾಸ್ತಿ ಸಿಗೋದು ಇದಕ್ಕೇ. ಇದರಲ್ಲಿ 4 ಬೈ 6ರ ಫೋಟೋ ಲೆಕ್ಕಕ್ಕೆ ಸರಿಯಾಗಿ ಆರು ಹಿಡಿಯತ್ತೆ, ಆದ್ರೆ ಹಾಗೆ ತುಂಬಿದ್ರೆ ಒಂದಕ್ಷರ ಬರೆಯೋಕೂ ಜಾಗ ಇರಲ್ಲ, ಆರಾಮಾಗಿ ಕೂರೋದು ಮೂರು, ಹೆಚ್ಚಂದ್ರೆ ನಾಲ್ಕು. ಆಗಲೇ ಬರ್ಕೊಂಡ ಚೀಟಿ ತೆಗೀರಿ. 60 ಫೋಟೋ ಇದೆ ಅಂದ್ರೆ ಪುಟಕ್ಕೆ ಮೂರರ ಹಾಗೆ 20 ಪುಟ, ಎರಡೂ ಕಡೆ ಬಳಸಿದ್ರೆ 10 ಹಾಳೆ. ಟಿಕೆಟ್ಟು ಪತ್ರಗಳಿಗೆ ಇನ್ನೊಂದು ನಾಲ್ಕು ಪುಟ ಸೇರಿಸಿ. ಇದೇ 60 ಫೋಟೋನ 8 ಬೈ 8ರಲ್ಲಿ ಹಾಕಿದ್ರೆ ಪುಟಕ್ಕೆ ಒಂದು ಅಥವಾ ಎರಡು, 6 ಬೈ 6ರಲ್ಲಿ ಒಂದು ಫೋಟೋ ಹಾಕಿದ ಮೇಲೆ ಎರಡು ಇಂಚಿನ ಪಟ್ಟಿ ಮಾತ್ರ ಉಳಿಯತ್ತೆ, 60 ಪುಟದ ಪುಟಾಣಿ ಆಲ್ಬಮ್ ಇಟ್ಟಿಗೆ ತರ ಆಗತ್ತೆ.

ದೊಡ್ಡದು ಯಾವಾಗಲೂ ಒಳ್ಳೇದು ಅಂತ ಅಲ್ಲ ಮತ್ತೆ. 12 ಇಂಚಿನ ಹಾಳೆ ಅಂದ್ರೂ ಆಲ್ಬಮ್ಮಿನ ಹೊರ ಅಳತೆ ಅದಕ್ಕಿಂತ ದೊಡ್ಡದು, ಕವರ್ರು ಬೈಂಡಿಂಗು ಸೇರಿ 13-14 ಇಂಚು ಆಗಿಬಿಡತ್ತೆ, ಮಾಮೂಲಿ ಪುಸ್ತಕದ ಶೆಲ್ಫಿನಲ್ಲಿ ಮೂಗು ಹೊರಗೆ ಚಾಚಿಕೊಂಡು ಕೂರತ್ತೆ. ಶೆಲ್ಫಿನ ಎತ್ತರ ಅಷ್ಟೇ ಅಲ್ಲ ಆಳಾನೂ ಟೇಪ್ ಹಿಡಿದು ನೋಡ್ಕೊಳ್ಳಿ. ಕಂಪ್ಯೂಟರಲ್ಲಿ ಡಿಸೈನ್ ಮಾಡಿ ಮನೇಲೇ ಪ್ರಿಂಟ್ ತೆಗೆಯೋರಾದ್ರೆ ಇನ್ನೊಂದು ವಿಷಯ, ಮಾಮೂಲಿ ಪ್ರಿಂಟರ್ ಎ4 ಹಾಳೆ ಅಷ್ಟೇ ನುಂಗೋದು, ಅದರ ಅಗಲ 8.27 ಇಂಚು, 12 ಇಂಚಿನ ಪುಟ ಅದರಲ್ಲಿ ಬರಲ್ಲ. ಮುಗಿದ ಪುಟಾನ ಸ್ಕ್ಯಾನ್ ಮಾಡಿ ದೂರದಲ್ಲಿರೋರಿಗೆ ಕಳಿಸ್ಬೇಕು ಅಂದ್ರೂ ಇದೇ ಗೋಳು, ತುಂಡು ತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸ್ಬೇಕು. ಜಾಸ್ತಿ ಬರವಣಿಗೆ ಇರೋ, ಪ್ರಿಂಟ್ ತೆಗೆದ ಪುಟಗಳಿರೋ ವಿಷಯಕ್ಕೆ ಎ4 ಅಥವಾ 8.5 ಬೈ 11ರ ಆಲ್ಬಮ್ಮೇ ಸರಿ.

ಸರಿ, ಈಗ ವಿಷಯಗಳಿಗೆ ಬರೋಣ.

ಮಗುವಿನ ಆಲ್ಬಮ್. ಎಲ್ಲರೂ ಎಡವೋ ಜಾಗ ಇದು, ಯಾಕಂದ್ರೆ ಅಂಗಡೀಲಿ ಸಿಗೋ ರೆಡಿಮೇಡ್ ಬೇಬಿ ಬುಕ್ಕುಗಳು ನೋಡೋಕೆ ಅಷ್ಟು ಮುದ್ದಾಗಿರತ್ತೆ. ಮೊದಲ ಹಲ್ಲು, ಮೊದಲ ಹೆಜ್ಜೆ ಅಂತ ಮೊದಲೇ ಪ್ರಿಂಟ್ ಆಗಿರೋ ಪುಟಗಳು. ಆದ್ರೆ ನಿಮ್ಮ ಹತ್ರ ಮೊದಲ ಹಲ್ಲಿನ ಫೋಟೋನೇ ಇಲ್ಲ, ಮೊದಲ ಸಲ ಬಕೆಟ್ ಒಳಗೆ ಕೂತಿದ್ದು ಹದಿನೈದು ಫೋಟೋ ಇದೆ, ಏನ್ಮಾಡ್ತೀರ? ಖಾಲಿ ಪುಟ ಖಾಲಿನೇ ಉಳಿಯತ್ತೆ, ಬಕೆಟ್ಟಿಗೆ ಜಾಗ ಇರಲ್ಲ. ಮಗೂಗೆ 12 ಬೈ 12ರ ಡಿ ರಿಂಗ್ ಆಲ್ಬಮ್, ಅದರಲ್ಲೂ ಅರ್ಧ ಪಾಕೆಟ್ ಪುಟ ಅರ್ಧ ಪೂರ್ತಿ ಹಾಳೆ ಹಾಕ್ಕೊಳ್ಳಿ. ಪಾಕೆಟ್ ಪುಟ ಅಂದ್ರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೇಲೇ ಖಾನೆಗಳಿರೋದು, ಒಂದು ಮಾಮೂಲಿ ವಿನ್ಯಾಸದಲ್ಲಿ 4 ಬೈ 6ರ ನಾಲ್ಕು ಖಾನೆ, 3 ಬೈ 4ರ ನಾಲ್ಕು ಖಾನೆ ಇರತ್ತೆ, ದೊಡ್ಡದಕ್ಕೆ ಫೋಟೋ ತಳ್ಳಿ ಚಿಕ್ಕದಕ್ಕೆ ಎರಡು ಸಾಲು ಬರೆದ ಕಾರ್ಡು ತಳ್ಳಿದ್ರೆ ಪುಟ ಮುಗೀತು. ಅಂಟು ಬೇಡ ಕತ್ತರಿ ಬೇಡ. ರಾತ್ರಿ ನಿದ್ದೆ ಇಲ್ಲದ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಜಾಸ್ತಿ ಕೈಲಾಗಲ್ಲ, ಆಗಬೇಕಾಗೂ ಇಲ್ಲ. ಬಿಡುವು ಸಿಕ್ಕಾಗ ಪೂರ್ತಿ ಹಾಳೇಲಿ ಬಣ್ಣ ಬಣ್ಣದ ಡಿಸೈನ್ ಮಾಡಿ ಮಧ್ಯೆ ಸೇರಿಸಿ, ರಿಂಗ್ ಇರೋದೇ ಅದಕ್ಕೆ. ಮೊದಲ ವರ್ಷಕ್ಕೆ ಒಂದು ಪೂರ್ತಿ ಆಲ್ಬಮ್ ಆಗೇ ಆಗತ್ತೆ, ಆಮೇಲೆ ಎರಡು ಮೂರು ವರ್ಷಕ್ಕೆ ಒಂದು ಸಾಕಾಗತ್ತೆ. ಎರಡನೇ ಮಗೂದು ತೆಳ್ಳಗೆ ಇರತ್ತೆ, ಎಲ್ಲಾ ಮನೇಲೂ ಅಷ್ಟೇ, ಅದಕ್ಕೆ ಬೇಜಾರು ಮಾಡ್ಕೋಬೇಡಿ.

ಮಕ್ಕಳ ಕೈಗೇ ಆಲ್ಬಮ್ ಸಿಗೋ ಹಾಗಿದ್ರೆ ಪ್ರತಿ ಪುಟಕ್ಕೂ ಪೇಜ್ ಪ್ರೊಟೆಕ್ಟರ್, ಅಂದ್ರೆ ಇಡೀ ಹಾಳೆ ಒಳಗೆ ಕೂರೋ ಪಾರದರ್ಶಕ ಪ್ಲಾಸ್ಟಿಕ್ ಕವರು, ಇರೋದು ಕಡ್ಡಾಯ. ಮೇಲಿಂದ ಹಾಳೆ ಇಳಿಬಿಡೋ ಟಾಪ್ ಲೋಡಿಂಗ್ ಆದ್ರೆ ತಲೆಕೆಳಗಾಗಿ ಹಿಡಿದ್ರೆ ಸಣ್ಣಪುಟ್ಟದ್ದು ಉದುರತ್ತೆ ಅನ್ನೋದು ಬಿಟ್ರೆ ಬೇರೆ ತೊಂದರೆ ಇಲ್ಲ. ಅವರು ಬಿಡಿಸಿದ ಚಿತ್ರಗಳಿಗೆ 12 ಇಂಚೂ ಸಾಲಲ್ಲ, ಅದಕ್ಕೆ ಎ3 ಸೈಜಿನ ಪೋರ್ಟ್‌ಫೋಲಿಯೋ ಫೈಲ್ ಬೇರೆ ಇಡಿ, ಅಥವಾ ಚಿತ್ರದ ಫೋಟೋ ತೆಗೆದು ಚಿಕ್ಕದಾಗಿ ಪ್ರಿಂಟ್ ಹಾಕಿಸಿ ಒಂದೇ ಪುಟದಲ್ಲಿ ಹತ್ತು ಕೂರಿಸಿ.

ಪ್ರವಾಸದ ಆಲ್ಬಮ್ ಬೇರೆ ತರ. ಇಲ್ಲಿ ಫೋಟೋಗಿಂತ ಪೇಪರ್ ಸಾಮಾನು ಜಾಸ್ತಿ, ಬೋರ್ಡಿಂಗ್ ಪಾಸು, ಮ್ಯೂಸಿಯಂ ಟಿಕೆಟ್ಟು, ಹೋಟೆಲಿನ ಹೆಸರಿರೋ ಚೀಟಿ, ಮಡಚಿದ ಮ್ಯಾಪು. ಹೋದಲ್ಲೇ ಅಂಟಿಸಿ ಬರೆಯೋ ಅಭ್ಯಾಸ ಇದ್ರೆ ಬ್ಯಾಗಿಗೆ ಹಿಡಿಯೋ ಸಣ್ಣದು ಬೇಕು, 6 ಬೈ 8ರದ್ದು ಅಥವಾ ಟ್ರಾವೆಲರ್ಸ್ ನೋಟ್‌ಬುಕ್ ಅಂತ ಬರೋ ಉದ್ದನೆ ಸಪೂರದ್ದು, ಎಲಾಸ್ಟಿಕ್ ದಾರದಲ್ಲಿ ತೆಳು ಪುಸ್ತಕಗಳನ್ನ ಸಿಕ್ಕಿಸೋದು, ಒಂದು ಮುಗಿದ್ರೆ ತೆಗೆದು ಇನ್ನೊಂದು ಹಾಕೋದು. ಮನೆಗೆ ಬಂದು ಮಾಡೋರಾದ್ರೆ ದೊಡ್ಡ ಸೈಜು ಆಗತ್ತೆ, ಆದ್ರೆ ಮಡಚಿದ ಮ್ಯಾಪನ್ನ ಅಂಟಿಸ್ಬೇಡಿ, ಬಿಚ್ಚಿ ನೋಡೋ ಹಾಗೆ ಪಾಕೆಟ್ ಪುಟದಲ್ಲಿಡಿ. ಒಂದು ಎಚ್ಚರಿಕೆ, ಈಗಿನ ಹೆಚ್ಚಿನ ಬಿಲ್ಲು ಟಿಕೆಟ್ಟುಗಳು ಥರ್ಮಲ್ ಪೇಪರಿನವು, ಶಾಯಿ ಅಲ್ಲ ಶಾಖದಿಂದ ಮೂಡಿದ ಅಕ್ಷರ ಅದು, ಕಾಲಕ್ರಮೇಣ ಬಿಳಚಿಕೊಂಡು ಮಾಯ ಆಗತ್ತೆ. ಯಾವ ಆಲ್ಬಮ್ಮೂ ಅದನ್ನ ಉಳಿಸಲ್ಲ. ಬಂದ ವಾರದಲ್ಲೇ ಸ್ಕ್ಯಾನ್ ಅಥವಾ ಜೆರಾಕ್ಸ್ ತೆಗೆದು ಆ ಕಾಪಿ ಅಂಟಿಸಿ.

ವರ್ಷಕ್ಕೆ ಎರಡು ಸಲ ಹೋಗೋರು ಪ್ರತಿ ಟ್ರಿಪ್ಪಿಗೂ ಒಂದು ಆಲ್ಬಮ್ ಅಂತ ಶುರು ಮಾಡ್ಬೇಡಿ, ಎಲ್ಲಾ ಸೇರಿಸಿ ಒಂದು ರಿಂಗ್ ಆಲ್ಬಮ್, ಮಧ್ಯೆ ಡಿವೈಡರ್, ಅಷ್ಟೇ. ಜನ್ಮಕ್ಕೊಂದೇ ಸಲ ಹೋಗೋ ದೊಡ್ಡ ಪ್ರವಾಸಕ್ಕೆ ಮಾತ್ರ ಬೇರೆ.

ಮದುವೆಗೆ ಪೋಸ್ಟ್ ಬೌಂಡ್ ಅಥವಾ ಪುಸ್ತಕದ ಬೈಂಡಿಂಗ್, ಗಟ್ಟಿ ಬಟ್ಟೆ ಅಥವಾ ಲೆದರ್ ಕವರ್, ಒಂದೇ ಬಣ್ಣ. ಫೋಟೋಗ್ರಾಫರ್ ಕೊಟ್ಟ ಆಲ್ಬಮ್ ಹೇಗೂ ಇರತ್ತಲ್ಲ, ಅದನ್ನೇ ಮತ್ತೆ ಮಾಡೋದ್ರಲ್ಲಿ ಅರ್ಥ ಇಲ್ಲ, ಇದರಲ್ಲಿ ಇನ್ವಿಟೇಶನ್ ಕಾರ್ಡು, ಸ್ನೇಹಿತರು ಫೋನಲ್ಲಿ ತೆಗೆದ ಫೋಟೋ, ಶುಭಾಶಯ ಬರೆದ ಚೀಟಿಗಳು ಬರಲಿ. ಕವರಿಗೆ ಈಗಿನ ಟ್ರೆಂಡಿನ ಪ್ರಿಂಟ್ ಬೇಡ, ಇಪ್ಪತ್ತು ವರ್ಷ ಆದ್ಮೇಲೆ ನಗು ಬರತ್ತೆ.

ಹಳೇ ಕುಟುಂಬದ ಫೋಟೋಗಳ ವಿಷಯ ಬಂದ್ರೆ ಅಂದಕ್ಕಿಂತ ಮೊದಲು ರಾಸಾಯನಿಕ ನೋಡ್ಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಅಜ್ಜಿ ತಾತನ ಫೋಟೋ ಹಾಳಾದ್ರೆ ಇನ್ನೊಂದು ಪ್ರಿಂಟ್ ಎಲ್ಲಿಂದ ತರ್ತೀರ. ಹಾಳೆ ಆಸಿಡ್ ಫ್ರೀ ಇರಬೇಕು, ಜೊತೆಗೆ ಲಿಗ್ನಿನ್ ಫ್ರೀನೂ ಇರಬೇಕು. ಲಿಗ್ನಿನ್ ಅಂದ್ರೆ ಮರದಲ್ಲಿ ಸಹಜವಾಗಿ ಇರೋ ಪದಾರ್ಥ, ನ್ಯೂಸ್‌ಪೇಪರ್ ಬಿಸಿಲಿಗೆ ಹಳದಿ ಆಗೋದು ಅದರಿಂದಲೇ, ಆಗ ಬಿಡೋ ಆಮ್ಲ ಪಕ್ಕದಲ್ಲಿರೋ ಫೋಟೋಗೂ ತಾಗತ್ತೆ. ಕೆಲವು ಹಾಳೆಗೆ ಬಫರ್ಡ್ ಅಂತ ಬರೆದಿರ್ತಾರೆ, ಆಮ್ಲ ಬಂದ್ರೆ ತಡೆಯೋಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರ್ತಾರೆ ಅಂತ ಅರ್ಥ. ಪ್ಲಾಸ್ಟಿಕ್ ವಿಷಯದಲ್ಲಿ ಪಿವಿಸಿ ಅನ್ನೋದು ಕಂಡ್ರೆ ಅಲ್ಲೇ ಇಟ್ಟು ಬನ್ನಿ, ಅದು ಹಳೇದಾಗ್ತಾ ಹೈಡ್ರೋಕ್ಲೋರಿಕ್ ಆಮ್ಲ ಬಿಡತ್ತೆ. ಹೊಸ ಆಲ್ಬಮ್ ತೆಗೆದ ತಕ್ಷಣ ಹೊಸ ರೈನ್‌ಕೋಟ್ ತರ ಘಾಟು ವಾಸನೆ ಬಂದ್ರೆ ಅನುಮಾನ ಪಡಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಈ ಮೂರರಲ್ಲಿ ಯಾವುದಾದ್ರೂ ನಡೆಯತ್ತೆ. ಫೋಟೋ ಸೇಫ್ ಅಂತ ಕವರ್ ಮೇಲೆ ಯಾರು ಬೇಕಾದ್ರೂ ಬರೀಬಹುದು, ಅದನ್ನ ನಂಬೋ ಬದಲು ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್ ಪಾಸಾಗಿದೆ ಅಂತ ಇದೆಯಾ ನೋಡಿ, ಪಿಎಟಿ ಅಂತಲೂ ಬರೀತಾರೆ, ಐಎಸ್‌ಒ 18916 ಅನ್ನೋ ಸ್ಟ್ಯಾಂಡರ್ಡ್ ಅದು.

ಮ್ಯಾಗ್ನೆಟಿಕ್ ಆಲ್ಬಮ್ ಅಂತ ಕರೆಯೋದು ನಿಮ್ಮ ಮನೇಲೂ ಇರಬಹುದು. ಆಯಸ್ಕಾಂತ ಏನೂ ಇಲ್ಲ ಅದರಲ್ಲಿ, ದಪ್ಪ ರಟ್ಟಿನ ಮೇಲೆ ಅಂಟಿನ ಗೆರೆಗಳು, ಅದರ ಮೇಲೊಂದು ಪ್ಲಾಸ್ಟಿಕ್ ಪರೆ. ಪರೆ ಎತ್ತಿ ಫೋಟೋ ಇಟ್ಟು ಮುಚ್ಚಿದ್ರೆ ಆಯ್ತು, ಅಷ್ಟು ಸುಲಭ, ಅದಕ್ಕೇ ಎಲ್ಲರ ಮನೇಲೂ ತುಂಬಿಕೊಂಡಿತ್ತು. ವರ್ಷಗಳಾದ ಮೇಲೆ ಆ ಗೆರೆಗಳು ಕಂದು ಬಣ್ಣಕ್ಕೆ ತಿರುಗಿ ಫೋಟೋ ಹಿಂಭಾಗ ಕಚ್ಚಿಕೊಂಡಿರತ್ತೆ, ಕೀಳೋಕೆ ಹೋದ್ರೆ ಫೋಟೋ ಬಳುಕಿ ಮೇಲಿನ ಪದರ ಬಿರುಕು ಬಿಡತ್ತೆ. ಮೊದಲು ಪುಟ ಇದ್ದ ಹಾಗೇ ಒಂದು ಫೋಟೋ ತೆಗೆದಿಡಿ. ಆಮೇಲೆ ಹಲ್ಲಿನ ಸಂದಿ ಕ್ಲೀನ್ ಮಾಡೋ ಫ್ಲಾಸ್ ದಾರ ಇದೆಯಲ್ಲ, ವಾಸನೆ ಇಲ್ಲದ್ದು, ಅದನ್ನ ಎರಡೂ ಕೈಯಲ್ಲಿ ಬಿಗಿ ಹಿಡಿದು ಫೋಟೋ ಮೂಲೆ ಕೆಳಗಿಂದ ಗರಗಸದ ಹಾಗೆ ನಿಧಾನವಾಗಿ ಎಳೀತಾ ಹೋಗಿ. ಬರಲ್ಲ ಅಂದ್ರೆ ಬಿಟ್ಟುಬಿಡಿ, ಸ್ಕ್ಯಾನ್ ಮಾಡಿ ಕಾಪಿ ಬಳಸಿ. ಅಂಟು ಮೊದಲೇ ಸವರಿಟ್ಟ ಆಲ್ಬಮ್ಮಿನ ಆಸೆ ಹಳೇದು ಬಿಡಿ, ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲೇ ಅಂಥದ್ದಕ್ಕೆ ಪೇಟೆಂಟ್ ತಗೊಂಡಿದ್ರು, ಹಾಳೇನ ಒದ್ದೆ ಮಾಡಿ ಕಟಿಂಗ್ ಒತ್ತಿದ್ರೆ ಅಂಟೋದು. ಪೇಪರ್ ಕಟಿಂಗಿಗೆ ಅದು ಸರಿ, ಅಜ್ಜಿ ಫೋಟೋಗೆ ಬೇಡ.

ಹಳೇ ಫೋಟೋಗಳಿಗೆ ರಿಂಗ್ ಅಥವಾ ಪೋಸ್ಟ್ ಬೌಂಡ್ ಯಾವುದಾದ್ರೂ ಆಗತ್ತೆ, ಅಂಟಿನ ಬದಲು ನಾಲ್ಕು ಮೂಲೆಗೆ ಫೋಟೋ ಕಾರ್ನರ್ ಹಾಕಿ, ನಾಳೆ ತೆಗೆದು ಹಿಂದೆ ಬರೆದಿರೋದನ್ನ ಓದಬಹುದು. ಬರವಣಿಗೆಗೆ ಎಡಗಡೆ ಪುಟ ಪೂರ್ತಿ ಬಿಡಿ, ಯಾರು ಯಾರು, ಎಲ್ಲಿ, ಯಾವ ಸುಮಾರಿಗೆ ಅಂತ. ನೆಂಟರು ನೋಡ್ತಾ "ಇದು ಅವರಲ್ಲ, ಅವರ ತಂಗಿ" ಅಂತ ತಿದ್ದೇ ತಿದ್ದುತ್ತಾರೆ, ಆ ತಿದ್ದುಪಡಿಗೂ ಜಾಗ ಬೇಕು. ಹಳೇ ನ್ಯೂಸ್‌ಪೇಪರ್ ಕಟಿಂಗ್ ಇದ್ರೆ ಒಳ್ಳೇ ಹಾಳೇಲಿ ಜೆರಾಕ್ಸ್ ಮಾಡಿ ಹಾಕಿ, ಒರಿಜಿನಲ್ ಬೇರೆ ಕವರಿನಲ್ಲಿರಲಿ.

ರೆಸಿಪಿ ಆಲ್ಬಮ್ಮಿಗೆ ಎ5 ಅಥವಾ ಎ4 ರಿಂಗ್ ಬೈಂಡರ್, ಒರೆಸಿದ್ರೆ ಎಣ್ಣೆ ಹೋಗೋ ಪ್ಲಾಸ್ಟಿಕ್ ಕವರು, ಒಲೆ ಪಕ್ಕ ತೆರೆದಿಟ್ರೆ ತಾನಾಗೇ ಮುಚ್ಚಿಕೊಳ್ಳಬಾರದು, ಅಷ್ಟು ಸಾಕು. ಕಸಿನ್ಸು ಫ್ರೆಂಡ್ಸಿಗೆ ಗಿಫ್ಟ್ ಮಾಡೋದಾದ್ರೆ 6 ಬೈ 6 ಅಥವಾ ಬೀಸಣಿಗೆ ತರ ಬಿಚ್ಚಿಕೊಳ್ಳೋ ಅಕಾರ್ಡಿಯನ್, ಹತ್ತು ಹದಿನೈದು ಫೋಟೋ. ಗಿಫ್ಟಿಗೆ 12 ಇಂಚಿನದು ಶುರು ಮಾಡಿದೋರು ಬರ್ತ್‌ಡೇಗೆ ಮುಂಚೆ ಮುಗಿಸಿದ್ದು ನಾನಂತೂ ನೋಡಿಲ್ಲ. ತೀರಿಕೊಂಡವರ ನೆನಪಿಗೆ ಮಾಡೋದಾದ್ರೆ ರಿಂಗ್ ಇರೋದೇ ತಗೊಳ್ಳಿ, ಬೇರೆಯವರ ಹತ್ರ ಇರೋ ಫೋಟೋ ಪತ್ರಗಳು ಎಷ್ಟೋ ತಿಂಗಳಾದ ಮೇಲೂ ಬರ್ತಾನೇ ಇರತ್ತೆ.

ಉಬ್ಬೋ ಸಾಮಾನಿನ ಗುಡ್ಡೆ ದೊಡ್ಡದಿದ್ರೆ ಇದನ್ನ ಮರೀಬೇಡಿ. ಅಲಂಕಾರ ಎಲ್ಲಾ ಪುಟದ ನಡುವಲ್ಲೇ ಬರೋದ್ರಿಂದ ಆಲ್ಬಮ್ ಬೆನ್ನಿನ ಕಡೆ ತೆಳ್ಳಗೆ, ಬಾಯಿ ಕಡೆ ದಪ್ಪ ಆಗಿ ಕವರ್ ಬಾಯಿ ಬಿಟ್ಕೊಂಡು ಕೂರತ್ತೆ. ರಿಂಗ್ ಆದ್ರೆ ಹಾಳೆ ಎಷ್ಟು ಬೇಕೋ ಅದಕ್ಕಿಂತ ಒಂದು ಸೈಜು ದೊಡ್ಡ ರಿಂಗ್ ತಗೊಂಡು ಅರ್ಧ ಮುಕ್ಕಾಲು ಮಾತ್ರ ತುಂಬಿಸಿ. ಹೊಲಿದ ಪುಸ್ತಕ ಆದ್ರೆ ಶುರು ಮಾಡೋ ಮುಂಚೆನೇ ಮಧ್ಯೆ ಮಧ್ಯೆ ಒಂದೊಂದು ಹಾಳೇನ ಬೆನ್ನಿನಿಂದ ಒಂದಿಂಚು ಬಿಟ್ಟು ಕತ್ತರಿಸಿ ತೆಗೀರಿ, ಉಳಿದ ಪಟ್ಟಿ ಬೆನ್ನಿಗೆ ದಪ್ಪ ಕೊಡತ್ತೆ. ಮೆಡಲ್ಲು, ಶೂ, ಬಳೆ ಇಂಥವನ್ನ ಆಲ್ಬಮ್ಮಿಗೆ ತುರುಕಲೇ ಬೇಡಿ, ಫೋಟೋ ತೆಗೆದು ಹಾಕಿ, ವಸ್ತು ಡಬ್ಬೀಲಿರಲಿ. ಗಟ್ಟಿ ವಸ್ತು ಪಕ್ಕದ ಪುಟದ ಫೋಟೋ ಮೇಲೆ ಅಚ್ಚೊತ್ತಿ ಬಿಡತ್ತೆ.

ಇಷ್ಟೆಲ್ಲಾ ನಿರ್ಧಾರ ಆದ್ಮೇಲೆ ಅಂಗಡೀಲಿ ಏನ್ ನೋಡ್ಬೇಕು ಅಂದ್ರೆ, ಆಲ್ಬಮ್ಮನ್ನ ಮಧ್ಯದಲ್ಲಿ ತೆರೆದು ಟೇಬಲ್ ಮೇಲೆ ಕೈಬಿಡಿ, ಚಪ್ಪಟೆ ಕೂರತ್ತಾ ಎದ್ದು ನಿಲ್ಲತ್ತಾ ನೋಡಿ. ರಿಂಗ್ ಎರಡು ಮೂರು ಸಲ ತೆಗೆದು ಹಾಕಿ, ಬಾಯಿ ಕೂಡೋ ಕಡೆ ಬೆರಳು ಸವರಿ, ಸಂದು ಇದ್ರೆ ಪುಟ ತಿರುಗಿಸಿದಾಗಲೆಲ್ಲಾ ಹಾಳೆ ಅಲ್ಲಿ ಸಿಕ್ಕಿಕೊಂಡು ಹರಿಯತ್ತೆ. ಜೊತೆಗೆ ಎಷ್ಟು ಪ್ರೊಟೆಕ್ಟರ್ ಬರತ್ತೆ ಅಂತ ಕೇಳಿ, ಸಾಮಾನ್ಯವಾಗಿ ಕೊಡೋದು ಸ್ವಲ್ಪವೇ. ಎಕ್ಸ್‌ಟ್ರಾ ಶೀಟು ಅದೇ ದಿನ ತಗೊಂಡುಬಿಡಿ, ಯಾಕಂದ್ರೆ 12 ಬೈ 12 ಅಂತ ಬರೆದಿದ್ರೂ ಕಂಪನಿಯಿಂದ ಕಂಪನಿಗೆ ತೂತುಗಳ ಅಂತರ ಬೇರೆ ಇರಬಹುದು, ಒಂದರದ್ದು ಇನ್ನೊಂದಕ್ಕೆ ಕೂರದೇ ಹೋಗಬಹುದು. ಕವರ್ ಬಣ್ಣ ಈಗ ಆರಿಸಿ. ಇದೇ ಸರಣೀಲಿ ಇನ್ನೂ ಎರಡು ಮೂರು ಆಲ್ಬಮ್ ಮಾಡೋ ಅಂದಾಜಿದ್ರೆ ಕಪ್ಪು, ಕಂದು, ಬೂದು ತರದ ಯಾವಾಗಲೂ ಸಿಗೋ ಬಣ್ಣ ತಗೊಳ್ಳಿ, ಗಿಳಿಹಸಿರು ಮುಂದಿನ ವರ್ಷ ಸಿಗಲ್ಲ.